ಸೀಸವಿಲ್ಲದ ಬೆಸುಗೆ ತಂತಿ: ಮನೆಯಲ್ಲೇ ರಿಪೇರಿ ಮಾಡುವ ರೈತರು ತಿಳಿದಿರಬೇಕಾದ ವಿಷಯಗಳು

ಹಿಂದೆ ರೈತನ ಮನೆಯಲ್ಲಿ ವಿದ್ಯುತ್ತಿನಿಂದ ನಡೆಯುವ ವಸ್ತುಗಳೆಂದರೆ ಒಂದು ಪಂಪ್‌ಸೆಟ್, ಒಂದು ರೇಡಿಯೋ, ನಾಲ್ಕು ದೀಪ ಇಷ್ಟೇ. ಇಂದು ಬ್ಯಾಟರಿಯಿಂದ ನಡೆಯುವ ಸಿಂಪರಣಾ ಯಂತ್ರ, ಸೌರ ಬೇಲಿ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್, ರಾತ್ರಿ ನೀರು ಹಾಯಿಸಲು ಹೋಗುವಾಗ ಹಿಡಿಯುವ ಚಾರ್ಜಿಂಗ್ ಟಾರ್ಚ್, ಎಲ್.ಇ.ಡಿ. ಬಲ್ಬ್ ಮುಂತಾದವು ಹಳ್ಳಿ ಹಳ್ಳಿಗೂ ಬಂದಿವೆ. ಇವುಗಳಲ್ಲಿ ಕಾಣಿಸಿಕೊಳ್ಳುವ ದೋಷಗಳಲ್ಲಿ ಬಹಳಷ್ಟು ಸಣ್ಣವು. ಎಲ್ಲೋ ಒಂದು ತಂತಿ ಕಿತ್ತಿರುತ್ತದೆ, ಸ್ವಿಚ್ಚಿನ ಬೆಸುಗೆ ಬಿಟ್ಟಿರುತ್ತದೆ, ಚಾರ್ಜಿಂಗ್ ಪಿನ್ನು ಸಡಿಲವಾಗಿರುತ್ತದೆ. ಇಂತಹ ಸಣ್ಣ ಕೆಲಸಕ್ಕಾಗಿ ಪೇಟೆಗೆ ಅಲೆದು, ಔಷಧಿ ಹೊಡೆಯುವ ಹದವಾದ ದಿನವನ್ನು ಕಳೆದುಕೊಳ್ಳುವ ಬದಲು, ಸೋಲ್ಡರಿಂಗ್ ಐರನ್ ಒಂದನ್ನು ತಂದು ತಾವೇ ರಿಪೇರಿ ಮಾಡಿಕೊಳ್ಳುವ ತರುಣ ರೈತರು ಈಗ ಅನೇಕರಿದ್ದಾರೆ. ಇದು ಸ್ವಾಗತಾರ್ಹವಾದ ಬೆಳವಣಿಗೆ.

ಆದರೆ ಈ ಕೆಲಸ ನಡೆಯುವ ಜಾಗ ಯಾವುದು? ಹೆಚ್ಚಾಗಿ ಮನೆಯ ಜಗಲಿ, ಇಲ್ಲವೇ ಕೊಟ್ಟಿಗೆಯ ಮಗ್ಗುಲು. ಅಲ್ಲೇ ಮಕ್ಕಳು ಅಂಬೆಗಾಲಿಡುತ್ತವೆ, ಅಲ್ಲೇ ಕರು ಕಟ್ಟಿರುತ್ತದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಸಾಮಾನ್ಯ ಬೆಸುಗೆ ತಂತಿಯಲ್ಲಿ ನೂರಕ್ಕೆ ನಲವತ್ತು ಭಾಗ ಸೀಸವಿರುತ್ತದೆ ಎಂಬುದು ಬಹಳ ಜನಕ್ಕೆ ತಿಳಿಯದು. ಸೀಸ ಒಂದು ವಿಷ. ಸೀಸವಿಲ್ಲದ ತಂತಿಯೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಆದರೆ ಅದನ್ನು ತಂದವರಲ್ಲಿ ಹಲವರು "ಇದು ಹಿಡಿಯುವುದೇ ಇಲ್ಲ" ಎಂದು ಮೂಲೆಗೆ ಹಾಕಿ, ಹಳೆಯ ತಂತಿಗೇ ಹಿಂದಿರುಗುತ್ತಾರೆ. ದೋಷ ತಂತಿಯದಲ್ಲ. ಹಳೆಯ ತಂತಿಯ ಕ್ರಮದಲ್ಲೇ ಹೊಸ ತಂತಿಯನ್ನು ಬಳಸುವುದರಿಂದ ಹೀಗಾಗುತ್ತದೆ. ಇದರ ಸರಿಯಾದ ಬಳಕೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೆಸುಗೆ ತಂತಿ ಎಂದರೇನು?

ಎರಡು ಲೋಹದ ತುದಿಗಳನ್ನು ಕರಗಿಸದೆ, ಅವುಗಳ ನಡುವೆ ಬೇಗ ಕರಗುವ ಇನ್ನೊಂದು ಲೋಹವನ್ನು ಹರಿಯಿಸಿ ಕೂಡಿಸುವುದೇ ಈ ಬೆಸುಗೆ. ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯಿಂದ ಒಳಮೈಯನ್ನು ಚೊಕ್ಕಟ ಮಾಡಿ, ತವರವನ್ನು ತಾಗಿಸಿ ಅರಿವೆಯಿಂದ ಹರಡುತ್ತಾರೆ. ಪಾತ್ರೆ ಕಾಯದಿದ್ದರೆ ತವರ ಹಿಡಿಯುವುದಿಲ್ಲ, ಕೊಳೆಯಿದ್ದರೂ ಹಿಡಿಯುವುದಿಲ್ಲ. ಬೆಸುಗೆಯ ಗುಟ್ಟೂ ಇದೇ.

ಹಳೆಯ ಮಾದರಿಯ ಬೆಸುಗೆ ತಂತಿಯಲ್ಲಿ 60 ಭಾಗ ತವರ, 40 ಭಾಗ ಸೀಸ ಇರುತ್ತದೆ. ರಿಪೇರಿ ಮಾಡುವವರಲ್ಲಿ ಕೆಲವರು ಇದನ್ನು 'ಲೆಡ್' ಎಂದೇ ಕರೆಯುತ್ತಾರೆ. ಲೆಡ್ ಎಂದರೆ ಸೀಸವೇ. ಬಿಡಿಯಾಗಿ ತವರ ಕರಗಲು 232 ಡಿಗ್ರಿ ಸೆಂಟಿಗ್ರೇಡ್, ಸೀಸ ಕರಗಲು 327 ಡಿಗ್ರಿ ಉಷ್ಣ ಬೇಕು. ಆದರೆ ಎರಡೂ ಬೆರೆತಾಗ 183 ಡಿಗ್ರಿಯಲ್ಲೇ ಕರಗಲು ತೊಡಗುತ್ತವೆ. ಹೀಗೆ ಬೇಗ ಕರಗುವುದು, ಚೆನ್ನಾಗಿ ಹರಿಯುವುದು, ಬೆಲೆಯೂ ಕಡಿಮೆ ಇರುವುದು, ಈ ಮೂರು ಕಾರಣಗಳಿಂದ ಸೀಸದ ತಂತಿ ಬಹುಕಾಲ ಬಳಕೆಯಲ್ಲಿ ಉಳಿಯಿತು.

ಸೀಸವಿಲ್ಲದ ತಂತಿಯಲ್ಲಿ ಬಹುಭಾಗ ತವರವೇ ಇರುತ್ತದೆ. ಅದಕ್ಕೆ ಸ್ವಲ್ಪ ತಾಮ್ರ, ಕೆಲವು ಬಗೆಗಳಲ್ಲಿ ಸ್ವಲ್ಪ ಬೆಳ್ಳಿ ಸೇರಿಸಿರುತ್ತಾರೆ. ಎರಡೂ ಬಗೆಯ ತಂತಿಗಳ ಒಳಗೆ ಟೊಳ್ಳು ಇದ್ದು, ಅದರಲ್ಲಿ ಫ್ಲಕ್ಸ್ ಎಂಬ ವಸ್ತುವನ್ನು ತುಂಬಿರುತ್ತಾರೆ. ಇದು ಹೆಚ್ಚಾಗಿ ಪೈನ್ ಮರದ ರಾಳದಿಂದ ತಯಾರಾದದ್ದು. ಕಲಾಯಿಯಲ್ಲಿ ನವಸಾಗರ ಮಾಡುವ ಕೆಲಸವನ್ನು ಇಲ್ಲಿ ಈ ರಾಳ ಮಾಡುತ್ತದೆ. ಆದರೆ ನವಸಾಗರವನ್ನಾಗಲಿ, ತಗಡಿನ ಕೆಲಸಕ್ಕೆ ಬಳಸುವ ಆಮ್ಲವನ್ನಾಗಲಿ ಎಲೆಕ್ಟ್ರಾನಿಕ್ ಕೆಲಸಕ್ಕೆ ಎಂದೂ ಬಳಸಬಾರದು. ಅವುಗಳ ಶೇಷ ಉಳಿದು, ಕೆಲವೇ ತಿಂಗಳಲ್ಲಿ ತಂತಿಯನ್ನೂ ಬೋರ್ಡನ್ನೂ ತಿಂದು ಹಾಕುತ್ತದೆ.

ಸೀಸದಿಂದ ಆಗುವ ಹಾನಿ

ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಒಳಹೊಕ್ಕ ಸೀಸವನ್ನು ಶರೀರ ಸುಣ್ಣದ ಅಂಶವೆಂದೇ ಭ್ರಮಿಸಿ ಮೂಳೆಗಳಲ್ಲಿ ಕೂಡಿಡುತ್ತದೆ. ಅಲ್ಲಿ ಅದು ಹತ್ತಾರು ವರ್ಷ ಉಳಿಯುತ್ತದೆ. ದೊಡ್ಡವರಲ್ಲಿ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ನಿಶ್ಶಕ್ತಿ, ರಕ್ತದೊತ್ತಡ ಮುಂತಾದವು ಕಾಣಿಸಿಕೊಳ್ಳಬಹುದು. ಮಕ್ಕಳಿಗೆ ಇದರ ಪೆಟ್ಟು ಹೆಚ್ಚು. ನುಂಗಿದ ಸೀಸದಲ್ಲಿ ಮಕ್ಕಳ ದೇಹ ಹೀರಿಕೊಳ್ಳುವ ಪಾಲು ದೊಡ್ಡವರದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಬೆಳೆಯುತ್ತಿರುವ ಮಿದುಳಿಗೆ ಏಟು ಬಿದ್ದು ಕಲಿಯುವ ಶಕ್ತಿ ಕುಂದುತ್ತದೆ. ಊಟದಲ್ಲಿ ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿರುವ ಮಕ್ಕಳು ಇನ್ನೂ ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತಾರೆ. ಗರ್ಭಿಣಿಯ ರಕ್ತದಿಂದ ಸೀಸ ಹೊಟ್ಟೆಯಲ್ಲಿರುವ ಕೂಸಿಗೂ ಹೋಗುತ್ತದೆ. ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ನಮ್ಮ ರಾಜ್ಯಕ್ಕೆ ಈ ವಿಷಯ ಹೊಸದಲ್ಲ. 1999ರಲ್ಲಿ ಸೀಸದ ವಿಷಬಾಧೆಯ ತಡೆ ಮತ್ತು ಚಿಕಿತ್ಸೆಯ ಬಗ್ಗೆ ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಬಗ್ಗೆ ದೇಶದಾದ್ಯಂತ ಅರಿವು ಮೂಡಿಸಿದವರಲ್ಲಿ ಪ್ರಮುಖರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ಬೆಸೆಯುವಾಗ ಏಳುವ ಹೊಗೆಯಲ್ಲಿ ಸೀಸವಿರುತ್ತದೆ, ಹೊಗೆ ತಪ್ಪಿಸಿಕೊಂಡರೆ ಸಾಕು ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಸೀಸ ಕುದಿಯಲು 1700 ಡಿಗ್ರಿಗೂ ಹೆಚ್ಚಿನ ಉಷ್ಣ ಬೇಕು. 350 ಡಿಗ್ರಿಯ ಐರನ್ನಿನಲ್ಲಿ ಅದು ಆವಿಯಾಗುವುದು ತೀರ ಅಲ್ಪ. ಕಾಣುವ ಹೊಗೆ ಸುಡುವ ರಾಳದ್ದು. ಸೀಸ ದೇಹ ಸೇರುವ ದಾರಿ ಕೈ ಮತ್ತು ಬಾಯಿ. ತಂತಿ ಹಿಡಿದ ಬೆರಳಿಗೆ ಸೀಸ ಅಂಟುತ್ತದೆ. ಅದೇ ಕೈಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ, ಬೀಡಿ ಹಚ್ಚುತ್ತಾರೆ, ಮಗುವಿಗೆ ತುತ್ತು ಕೊಡುತ್ತಾರೆ. ಎರಡೂ ಕೈಗೆ ಕೆಲಸವಿದ್ದಾಗ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಇನ್ನೂ ಕೆಟ್ಟದ್ದು. ನೆಲಕ್ಕೆ ಬಿದ್ದ ಹನಿಗಳು ಮತ್ತು ಧೂಳು ಅಂಬೆಗಾಲಿಡುವ ಮಗುವಿನ ಅಂಗೈ ಸೇರುತ್ತವೆ.

ದನಕರುಗಳಿಗೆ ಅಪಾಯ

ಜಾನುವಾರುಗಳಲ್ಲಿ ಸೀಸದ ವಿಷಬಾಧೆ ಪಶುವೈದ್ಯರಿಗೆ ಚೆನ್ನಾಗಿ ಪರಿಚಿತವಾದ ಕಾಯಿಲೆ. ಇದಕ್ಕೆ ಬಹುಮುಖ್ಯ ಕಾರಣ ಎಸೆದ ಸೀಸ-ಆಮ್ಲ ಬ್ಯಾಟರಿಗಳು. ದನಗಳು ಸ್ವಭಾವತಃ ಸಿಕ್ಕಿದ್ದನ್ನು ನೆಕ್ಕುತ್ತವೆ. ಒಡೆದ ಬ್ಯಾಟರಿಯ ಫಲಕ, ಹಳೆಯ ಬಣ್ಣದ ಡಬ್ಬಿ, ಬೆಸುಗೆಯ ಚೂರು ಹೊಟ್ಟೆ ಸೇರಿದರೆ ಭಾರವಾದ ಆ ಲೋಹ ಜಠರದ ಎರಡನೆಯ ಭಾಗದಲ್ಲಿ ತಂಗಿ ಮೆಲ್ಲಮೆಲ್ಲನೆ ಕರಗುತ್ತಿರುತ್ತದೆ. ಕಣ್ಣು ಕಾಣದಂತಾಗುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಸುತ್ತು ತಿರುಗುವುದು, ನಡುಕ, ಸೆಳೆತ ಇವು ಇದರ ಲಕ್ಷಣಗಳು. ಕರುಗಳು ಬೇಗ ತುತ್ತಾಗುತ್ತವೆ. ಇಂತಹ ಲಕ್ಷಣ ಕಂಡರೆ ಹುಚ್ಚುನಾಯಿ ಕಚ್ಚಿರಬಹುದೆಂಬ ಸಂಶಯವೂ ಬರುವುದುಂಟು. ಆದ್ದರಿಂದ ಬಾಯಿಗೆ ಕೈ ಹಾಕದೆ ತಕ್ಷಣ ಪಶುವೈದ್ಯರನ್ನು ಕರೆಸಬೇಕು. ದನ ಮೇದ ಜಾಗದಲ್ಲಿ ಬ್ಯಾಟರಿ ಅಥವಾ ಲೋಹದ ಕಸ ಇದ್ದರೆ ಅದನ್ನೂ ತಿಳಿಸಬೇಕು. ವಿಷಬಾಧೆಗೊಳಗಾದ ಹಸುವಿನ ಹಾಲಿನಲ್ಲೂ ಸೀಸ ಬರುವುದರಿಂದ ವೈದ್ಯರು ಹೇಳುವವರೆಗೆ ಆ ಹಾಲನ್ನು ಬಳಸಬಾರದು.

ರಿಪೇರಿಯ ಕಸವನ್ನು ತಿಪ್ಪೆಗೆ ಗುಡಿಸುವುದು ಸಾಮಾನ್ಯ. ಸೀಸ ಗೊಬ್ಬರದಂತೆ ಕೊಳೆಯುವ ವಸ್ತುವಲ್ಲ. ತಿಪ್ಪೆಯಿಂದ ಹೊಲಕ್ಕೆ ಹೋದ ಸೀಸ ಮೇಲ್ಮಣ್ಣಿಗೆ ಅಂಟಿಕೊಂಡು ತಲೆಮಾರುಗಳ ಕಾಲ ಅಲ್ಲೇ ಇರುತ್ತದೆ. ಹಿತ್ತಲಿನ ಸೊಪ್ಪಿಗೆ ಮೆತ್ತಿದ ಮಣ್ಣಿನ ಮೂಲಕ ಮತ್ತೆ ಮನೆಯೊಳಗೆ ಬರುತ್ತದೆ.

ಕಾನೂನು ಏನು ಹೇಳುತ್ತದೆ?

ಐರೋಪ್ಯ ಒಕ್ಕೂಟದಲ್ಲಿ 2006ರ ಜುಲೈ 1ರಿಂದ ಹೊಸ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸದ ಬಳಕೆಗೆ ಮಿತಿ ಹಾಕಲಾಯಿತು. ಭಾರತದಲ್ಲಿ ಇ-ತ್ಯಾಜ್ಯ ನಿಯಮಗಳು 2011ರಲ್ಲಿ ಪ್ರಕಟವಾಗಿ 2012ರ ಮೇ 1ರಿಂದ ಜಾರಿಗೆ ಬಂದವು. ಅಪಾಯಕಾರಿ ವಸ್ತುಗಳನ್ನು ಕಡಿಮೆ ಮಾಡಲು ತಯಾರಕರಿಗೆ ಎರಡು ವರ್ಷಗಳ ಅವಧಿ ನೀಡಲಾಯಿತು. ಈಗ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು 2022ರ ನಿಯಮಗಳು. ಇವುಗಳ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಯಮದ ಪಟ್ಟಿಯಲ್ಲಿರುವ ಉಪಕರಣಗಳಲ್ಲಿ ಸೀಸ ಶೇ. 0.1ನ್ನು ಮೀರಬಾರದು. ಈ ಕಟ್ಟಳೆ ತಯಾರಕರಿಗೆ ಹೊರತು ಮನೆಯಲ್ಲಿ ರಿಪೇರಿ ಮಾಡುವವರಿಗಲ್ಲ. ಆದರೂ ಇದರಿಂದ ತಿಳಿಯುವುದೇನೆಂದರೆ, ಇತ್ತೀಚೆಗೆ ಕೊಂಡ ಉಪಕರಣದ ಬೋರ್ಡು ಸೀಸವಿಲ್ಲದ್ದಾಗಿರುವ ಸಂಭವವೇ ಹೆಚ್ಚು. ಅದಕ್ಕೆ ನಮ್ಮ ಕೈಯಾರೆ ಸೀಸ ಸೇರಿಸುವುದರಲ್ಲಿ ಅರ್ಥವಿಲ್ಲ.

ತಂತಿಯ ಆಯ್ಕೆ

ಸುರುಳಿಯ ಮೇಲಿನ ಚೀಟಿಯನ್ನು ಓದಿ ಕೊಳ್ಳಬೇಕು. ತವರಕ್ಕೆ 'ಎಸ್‌ಎನ್', ತಾಮ್ರಕ್ಕೆ 'ಸಿಯು', ಬೆಳ್ಳಿಗೆ 'ಎಜಿ', ಬಿಸ್ಮತ್ತಿಗೆ 'ಬಿಐ', ಸೀಸಕ್ಕೆ 'ಪಿಬಿ' ಎಂಬ ಅಕ್ಷರಗಳ ಗುರುತು ಇರುತ್ತದೆ. ಪಕ್ಕದ ಅಂಕಿ ನೂರರಲ್ಲಿ ಅದರ ಪಾಲು. '60/40' ಅಥವಾ '63/37' ಎಂದಷ್ಟೇ ಬರೆದಿದ್ದರೆ ಅದು ಸೀಸದ ತಂತಿ.

1. ತವರ 60, ಸೀಸ 40: 183ರಿಂದ 190 ಡಿಗ್ರಿಯಲ್ಲಿ ಕರಗುತ್ತದೆ. ಹಳೆಯ ಮಾದರಿ.

2. ತವರ 99.3, ತಾಮ್ರ 0.7: 227 ಡಿಗ್ರಿಯಲ್ಲಿ ಕರಗುತ್ತದೆ. ಬೆಳ್ಳಿ ಇಲ್ಲದ್ದರಿಂದ ಸೀಸರಹಿತ ತಂತಿಗಳಲ್ಲಿ ಬೆಲೆ ಕಡಿಮೆ. ತಂತಿ, ಸ್ವಿಚ್ಚು, ಪಿನ್ನುಗಳ ಕೆಲಸಕ್ಕೆ ಸಾಕು.

3. ತವರ 96.5, ಬೆಳ್ಳಿ 3, ತಾಮ್ರ 0.5: 217ರಿಂದ 220 ಡಿಗ್ರಿಯಲ್ಲಿ ಕರಗುತ್ತದೆ. ಚೆನ್ನಾಗಿ ಹರಿಯುತ್ತದೆ, ಬೆಲೆ ಹೆಚ್ಚು. ಬೋರ್ಡಿನ ನವಿರಾದ ಕೆಲಸಕ್ಕೆ ಉತ್ತಮ.

4. ತವರ 42, ಬಿಸ್ಮತ್ 58: 138 ಡಿಗ್ರಿಯಲ್ಲೇ ಕರಗುತ್ತದೆ. ಬೇಗ ಕರಗುತ್ತದೆಂದು ಇದಕ್ಕೆ ಮರುಳಾಗಬಾರದು. ಇದರ ಬೆಸುಗೆ ಪೆಡಸು. ಬೆನ್ನಮೇಲೆ ಹೊತ್ತು ಅಲುಗಾಡುವ ಸಿಂಪರಣಾ ಯಂತ್ರಕ್ಕೆ ಒಗ್ಗದು. ಹಳೆಯ ಸೀಸದೊಂದಿಗೆ ಬೆರೆತರೆ 96 ಡಿಗ್ರಿಯ ಸುಮಾರಿನಲ್ಲೇ ಕರಗುವ ಅಂಶ ಉಂಟಾಗಿ ಬೆಸುಗೆ ಬಿಟ್ಟುಕೊಳ್ಳುತ್ತದೆ.

ರೈತರ ಸಾಮಾನ್ಯ ಕೆಲಸಕ್ಕೆ ಎರಡನೆಯ ಬಗೆಯ, ರಾಳ ತುಂಬಿದ, 1 ಮಿಲಿಮೀಟರ್ ದಪ್ಪದ ತಂತಿ ಸೂಕ್ತ. ಬೋರ್ಡಿನ ಸಣ್ಣ ಕೆಲಸಕ್ಕೆ 0.8 ಮಿಲಿಮೀಟರಿನದು ಇರಲಿ. ಉಷ್ಣ ನಿಯಂತ್ರಣವಿರುವ ಐರನ್ ಇದ್ದವರು ತಂತಿಯನ್ನು ಹೀಗೆ ಪರೀಕ್ಷಿಸಬಹುದು: ಉಷ್ಣವನ್ನು 200 ಡಿಗ್ರಿಗೆ ನಿಲ್ಲಿಸಿ ತಂತಿಯನ್ನು ಮೊನೆಗೆ ತಾಗಿಸಿ. ಎರಡನೆಯ ಮತ್ತು ಮೂರನೆಯ ಬಗೆಯವು ಕರಗಬಾರದು. ಕರಗಿದರೆ ಚೀಟಿಯನ್ನು ನಂಬುವಂತಿಲ್ಲ.

ಐರನ್ ಮತ್ತು ವೋಲ್ಟೇಜು

"ಹಿಡಿಯುವುದಿಲ್ಲ" ಎಂಬ ದೂರಿನ ಮೂಲ ಬಹುಮಟ್ಟಿಗೆ ಇಲ್ಲಿದೆ. ಸೀಸವಿಲ್ಲದ ತಂತಿ ಹಳೆಯದಕ್ಕಿಂತ 30ರಿಂದ 40 ಡಿಗ್ರಿ ಹೆಚ್ಚು ಉಷ್ಣದಲ್ಲಿ ಕರಗುತ್ತದೆ. ಹಳೆಯ 25 ವಾಟಿನ ಸಾದಾ ಐರನ್ 230 ವೋಲ್ಟಿನಲ್ಲಿ ಹೇಗೋ ಕೆಲಸ ಮಾಡೀತು. ಆದರೆ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ನಡೆಯುತ್ತಿರುವಾಗ ವೋಲ್ಟೇಜು 170ಕ್ಕೆ ಇಳಿಯುವುದುಂಟು. ಐರನ್ನಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಅಂದರೆ ವೋಲ್ಟೇಜು ಕಾಲು ಭಾಗ ಇಳಿದರೆ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೇ ಇಳಿಯುತ್ತದೆ. ಲೆಕ್ಕ ಹಾಕಿದರೆ 170 ವೋಲ್ಟಿನಲ್ಲಿ 25 ವಾಟಿನ ಐರನ್ ಕೊಡುವುದು 14 ವಾಟಿಗಿಂತ ಕಡಿಮೆ. 60 ವಾಟಿನದು ಆಗಲೂ 32 ವಾಟಿಗೆ ಮೇಲ್ಪಟ್ಟು ಕೊಡುತ್ತದೆ.

ಆದ್ದರಿಂದ 60 ವಾಟಿನ, ಉಷ್ಣ ನಿಯಂತ್ರಣವಿರುವ ಐರನ್ ಕೊಳ್ಳುವುದು ಲೇಸು. ಅದನ್ನು 350ರಿಂದ 370 ಡಿಗ್ರಿಗೆ ನಿಲ್ಲಿಸಬೇಕು. ಇನ್ನೂ ಏರಿಸಿದರೆ ರಾಳ ಸುಟ್ಟುಹೋಗಿ, ಬೋರ್ಡಿನ ತಾಮ್ರದ ಪಟ್ಟಿ ಕಿತ್ತು ಬರುತ್ತದೆ. ಸಾದಾ ಐರನ್ ಇದ್ದವರು ಲೋಡ್ ಕಡಿಮೆಯಿರುವ ವೇಳೆಯಲ್ಲಿ ಕೆಲಸ ಮಾಡಬೇಕು. ಸೀಲಿಂಗ್ ಫ್ಯಾನಿನ ಕೆಳಗೆ, ಗಾಳಿ ಬೀಸುವ ಅಂಗಳದಲ್ಲಿ ಬೆಸೆದರೆ ಬೆಸುಗೆ ಬೇಗ ಆರಿ ಕೆಡುತ್ತದೆ.

ಐರನ್ನಿನ ಮೊನೆಯ ಆರೈಕೆ ಮುಖ್ಯ. ಒಳ್ಳೆಯ ಮೊನೆಗಳಿಗೆ ಮೇಲೆ ಕಬ್ಬಿಣದ ತೆಳುವಾದ ಲೇಪವಿರುತ್ತದೆ. ಇವನ್ನು ಅರದಿಂದ ಉಜ್ಜಿದರೆ ಲೇಪ ಹೋಗಿ, ಒಳಗಿನ ತಾಮ್ರವನ್ನು ಕರಗಿದ ತವರ ತಿಂದುಬಿಡುತ್ತದೆ. ಒದ್ದೆ ಸ್ಪಂಜು ಅಥವಾ ಹಿತ್ತಾಳೆಯ ನಾರಿನಿಂದ ಮಾತ್ರ ಒರೆಸಬೇಕು. ಕೆಲಸ ಮುಗಿದಾಗ ಮೊನೆಗೆ ಸ್ವಲ್ಪ ಹೊಸ ತವರ ಹತ್ತಿಸಿ, ಒರೆಸದೆ ಹಾಗೆಯೇ ಆರಲು ಬಿಡಬೇಕು. ಮೊನೆ ಕಪ್ಪಾದರೆ ಎಷ್ಟು ಕಾದರೂ ಉಷ್ಣ ದಾಟುವುದಿಲ್ಲ.

ಬೆಸೆಯುವ ಕ್ರಮ

ಸಿಂಪರಣಾ ಯಂತ್ರದ ಸ್ವಿಚ್ಚಿನಿಂದ ಕಿತ್ತ ತಂತಿಯನ್ನು ಬೆಸೆಯುವುದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

1. ಯಂತ್ರವನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಕೀಟನಾಶಕ ಮೆತ್ತಿರುವ ಜಾಗಕ್ಕೆ ಬಿಸಿ ಐರನ್ ತಾಗಿದರೆ ಏಳುವ ಆವಿ ಅಪಾಯಕರ.

2. ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ. ಚಾರ್ಜರನ್ನು ಗೋಡೆಯಿಂದ ಕೀಳಿ.

3. ತಂತಿಯ ಮೇಲ್ಹೊದಿಕೆಯನ್ನು ಒಂದು ಸೆಂಟಿಮೀಟರಿನಷ್ಟು ಸುಲಿಯಿರಿ. ಒಳಗಿನ ತಾಮ್ರ ಕಪ್ಪು ಅಥವಾ ಹಸಿರು ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಯಾವ ಬೆಸುಗೆಯೂ ಹಿಡಿಯದು. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತ ಹೋಗಿ. ತೇವ ಮತ್ತು ಔಷಧಿಯ ನಡುವೆ ಇರುವ ಯಂತ್ರಗಳಲ್ಲಿ ಇದು ಸಾಮಾನ್ಯ.

4. ಕುಗ್ಗುವ ಕೊಳವೆಯ ತುಂಡನ್ನು ಮೊದಲೇ ತಂತಿಗೆ ತೂರಿಸಿಡಿ. ಎಳೆಗಳನ್ನು ಹುರಿಗೊಳಿಸಿ ಸ್ವಿಚ್ಚಿನ ಕಿವಿಯ ತೂತಿನಲ್ಲಿ ಕೊಕ್ಕೆಯಂತೆ ಸಿಕ್ಕಿಸಿ. ಎಳೆತದ ಭಾರವನ್ನು ಈ ಕೊಕ್ಕೆ ಹೊರಬೇಕು, ಬೆಸುಗೆಯಲ್ಲ.

5. ಕಾದ ಮೊನೆಯನ್ನು ಒರೆಸಿ, ಅದಕ್ಕೆ ಒಂದಿಷ್ಟು ತವರ ಹತ್ತಿಸಿ. ಮೊನೆಯನ್ನು ತಂತಿಗೂ ಕಿವಿಗೂ ಒಟ್ಟಿಗೆ ತಾಗುವಂತೆ ಒತ್ತಿ. ಒಂದು, ಎರಡು ಎಂದು ಎಣಿಸಿ. ನಂತರ ಬೆಸುಗೆ ತಂತಿಯನ್ನು ಮೊನೆಗಲ್ಲ, ಕಾದ ತಾಮ್ರಕ್ಕೆ ತಾಗಿಸಿ. ತಾಮ್ರ ಕಾದಿದ್ದರೆ ತವರ ತಾನೇ ಎಳೆಗಳ ನಡುವೆ ಇಂಗುತ್ತದೆ.

6. ಮೊದಲು ಬೆಸುಗೆ ತಂತಿಯನ್ನು, ಆಮೇಲೆ ಐರನ್ನನ್ನು ತೆಗೆಯಿರಿ. ಗಟ್ಟಿಯಾಗುವವರೆಗೆ ಅಲುಗಿಸಬೇಡಿ, ಊದಬೇಡಿ.

7. ಉಳಿದ ರಾಳವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬ್ರಶ್ಶಿನಿಂದ ತೊಳೆಯಿರಿ. ಇದಕ್ಕೆ ಬೆಂಕಿ ಬೇಗ ಹತ್ತುವುದರಿಂದ ಐರನ್ನನ್ನು ಮೊದಲು ದೂರ ಇಡಬೇಕು. ಒಣಗಿದ ಬಳಿಕ ಕುಗ್ಗುವ ಕೊಳವೆಯನ್ನು ಎಳೆದು ಕಾಯಿಸಿ ಮುಚ್ಚಿ.

ಬೆಸುಗೆಯ ಪರೀಕ್ಷೆ

ಸೀಸದ ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತದೆ. ಮಂಕಾಗಿದ್ದರೆ ಕೆಟ್ಟಿದೆ ಎಂಬುದು ಹಳೆಯ ನಿಯಮ. ಸೀಸವಿಲ್ಲದ ಬೆಸುಗೆಗೆ ಈ ನಿಯಮ ಸಲ್ಲದು. ಅದು ಸಹಜವಾಗಿಯೇ ಸ್ವಲ್ಪ ಮಂಕಾಗಿ, ನುಣುಪಿಲ್ಲದೆ ಕಾಣುತ್ತದೆ. ಹೊಳಪು ಬರಲಿಲ್ಲವೆಂದು ಮತ್ತೆ ಮತ್ತೆ ಕಾಯಿಸಿ ಬೋರ್ಡನ್ನು ಹಾಳು ಮಾಡುವವರಿದ್ದಾರೆ. ಇಲ್ಲಿ ನೋಡಬೇಕಾದದ್ದು ಹೊಳಪನ್ನಲ್ಲ, ಅಂಚನ್ನು. ಬೆಸುಗೆಯ ಅಂಚು ತೆಳುವಾಗುತ್ತ ತಾಮ್ರದಲ್ಲಿ ಲೀನವಾಗಿದ್ದರೆ, ಮೈ ಒಳಬಾಗಿದ್ದರೆ, ಎಳೆಗಳ ಆಕಾರ ತವರದ ಅಡಿಯಲ್ಲಿ ತೋರುತ್ತಿದ್ದರೆ ಅದು ಒಳ್ಳೆಯ ಬೆಸುಗೆ. ಕೆಸುವಿನ ಎಲೆಯ ಮೇಲಿನ ನೀರಹನಿಯಂತೆ ಗುಂಡಗೆ ನಿಂತಿದ್ದರೆ ಅದು ಹಿಡಿದಿಲ್ಲ. ಕೊನೆಗೆ ತಂತಿಯನ್ನು ಮೆಲ್ಲಗೆ ಎಳೆದು ನೋಡಬೇಕು.

ಹಳೆಯ ಬೋರ್ಡಿನ ರಿಪೇರಿ

ಹಳೆಯ ರೇಡಿಯೋ, ಹಳೆಯ ಚಾರ್ಜರುಗಳಲ್ಲಿ ಸೀಸದ ಬೆಸುಗೆಯೇ ಇರುತ್ತದೆ. ಅದರ ಮೇಲೆ ಹೊಸ ತಂತಿಯನ್ನು ಹಾಗೆಯೇ ಸುರಿಯಬಾರದು. ಎರಡೂ ಬೆರೆತು, ಗಟ್ಟಿಯಾಗುವಾಗ ಬಹಳ ಹೊತ್ತು ಮುದ್ದೆಯಂತಿದ್ದು, ಅಲುಗಿದರೆ ಬಿರುಕು ಬಿಡುತ್ತದೆ. ತಾಮ್ರದ ಹೆಣಿಗೆಯ ಪಟ್ಟಿಯನ್ನು ಹಳೆಯ ಬೆಸುಗೆಯ ಮೇಲಿಟ್ಟು ಐರನ್ ಒತ್ತಿದರೆ ಅದು ಹಳೆಯದನ್ನು ಹೀರಿಕೊಳ್ಳುತ್ತದೆ. ಬಳಿಕ ಹೊಸ ತಂತಿ ಬಳಸಬಹುದು. ಮೊನೆಯನ್ನೂ ಪ್ರತ್ಯೇಕವಾಗಿಟ್ಟುಕೊಳ್ಳುವುದು ಉತ್ತಮ. ಹೊಸ ತಂತಿ ಬಳಸಿದರೂ, ಹಳೆಯ ಬೋರ್ಡನ್ನು ಮುಟ್ಟಿದ ಕೈಗೆ ಸೀಸ ತಾಗಿರುತ್ತದೆ ಎಂಬುದನ್ನು ಮರೆಯಬಾರದು.

ಎಲ್ಲಿ ಬೆಸೆಯಬಾರದು?

1. ಲಿಥಿಯಂ ಬ್ಯಾಟರಿಯ ಸೆಲ್ಲುಗಳಿಗೆ ನೇರವಾಗಿ ಬೆಸೆಯಬಾರದು. ಕಾವಿನಿಂದ ಒಳಗೆ ಕೆಟ್ಟು ಬೆಂಕಿ ಹತ್ತಬಹುದು.

2. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲಿನ ತುದಿಗೆ ಬೆಸುಗೆ ಬೇಡ. ತಿರುಪಿನ ಒತ್ತಡಕ್ಕೆ ಮೆದು ತವರ ದಿನಕಳೆದಂತೆ ಕುಸಿದು, ಸಂಪರ್ಕ ಸಡಿಲವಾಗಿ ಬಿಸಿಯೇರುತ್ತದೆ. ಒತ್ತಿ ಕೂರಿಸುವ ಲಗ್ ಬಳಸಬೇಕು.

3. ಸೌರ ಬೇಲಿಯ ಯಂತ್ರದೊಳಗಿನ ಕೆಪಾಸಿಟರು ಸಂಪರ್ಕ ತೆಗೆದ ಮೇಲೂ ಅಪಾಯಕರ ವಿದ್ಯುತ್ತನ್ನು ಹಿಡಿದಿಟ್ಟಿರುತ್ತದೆ. ಅದನ್ನು ತಿಳಿದವರಿಗೇ ಬಿಡಬೇಕು.

4. ಹಾಲಿನ ಕ್ಯಾನು, ನೀರಿನ ಪಾತ್ರೆ, ಕುಡಿಯುವ ನೀರಿನ ನಲ್ಲಿಗಳಿಗೆ ಸೀಸದ ಬೆಸುಗೆ ಸಲ್ಲದು. ಅಮೆರಿಕದಲ್ಲಿ ಕುಡಿಯುವ ನೀರಿನ ಕೊಳವೆಗಳಿಗೆ ಸೀಸದ ಬೆಸುಗೆಯನ್ನು 1986ರ ಕಾನೂನಿನಲ್ಲೇ ನಿಷೇಧಿಸಲಾಯಿತು.

ಕೆಲಸದ ಜಾಗ ಮತ್ತು ಶುಚಿತ್ವ

ಅಡಿಗೆಮನೆ, ಊಟದ ಜಾಗ, ಕೊಟ್ಟಿಗೆ ಇವುಗಳಿಂದ ದೂರ ಒಂದು ಹಲಗೆ ಅಥವಾ ಮೇಜನ್ನು ಈ ಕೆಲಸಕ್ಕೆಂದೇ ಇಡಬೇಕು. ಅಂಚು ಇರುವ ತಟ್ಟೆಯೊಂದರ ಮೇಲೆ ಕೆಲಸ ಮಾಡಿದರೆ ಹನಿಗಳು ಚೆದುರುವುದಿಲ್ಲ. ಆ ತಟ್ಟೆ ಮತ್ತೆ ಅಡಿಗೆಮನೆಗೆ ಹೋಗಬಾರದು. ಪೊರಕೆಯಿಂದ ಗುಡಿಸಿದರೆ ಧೂಳು ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ತೊಳೆಯಬೇಕು, ಉಗುರಿನ ಸಂದುಗಳನ್ನು ಉಜ್ಜಬೇಕು. ಕೈ ತೊಳೆಯುವ ಮುನ್ನ ಎಲೆ ಅಡಿಕೆ, ಬೀಡಿ, ಊಟ ಯಾವುದೂ ಬೇಡ. ಚೂರುಗಳನ್ನೂ ಹಳೆಯ ಬೋರ್ಡುಗಳನ್ನೂ ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಕೊಳ್ಳುವ ಅಧಿಕೃತ ಕೇಂದ್ರಕ್ಕೆ ಕೊಡಬೇಕು. ಹಳೆಯ ಸೀಸ-ಆಮ್ಲ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಮಾರಾಟಗಾರರಿಗೇ ಹಿಂದಿರುಗಿಸಬೇಕು. ಮನೆಯಲ್ಲಿ ಒಡೆದು ಸೀಸ ಕರಗಿಸುವುದು ಅತ್ಯಂತ ಅಪಾಯಕಾರಿ.

ಸಂಶಯ – ಸಮಾಧಾನ

ಸಂಶಯ: ಸೀಸವಿಲ್ಲದ ತಂತಿಯ ಹೊಗೆಯಿಂದ ತೊಂದರೆ ಇಲ್ಲವೇ?

ಸಮಾಧಾನ: ಇದೆ. ಸೀಸ ಹೋದರೂ ರಾಳ ಉಳಿಯಿತು. ರಾಳದ ಹೊಗೆ ಕಣ್ಣು, ಗಂಟಲು ಉರಿಸುತ್ತದೆ. ಬಹುದಿನ ಕುಡಿದರೆ ಉಬ್ಬಸ ತರಬಲ್ಲದು. ಹೊಸ ತಂತಿಗೆ ಹೆಚ್ಚು ಕಾವು ಬೇಕಾದ್ದರಿಂದ ಹೊಗೆಯೂ ಹೆಚ್ಚಬಹುದು. ಮುಖವನ್ನು ಬೆಸುಗೆಯ ನೇರಕ್ಕೆ ತರದೆ ಪಕ್ಕದಿಂದ ನೋಡಬೇಕು. ಸಣ್ಣ ಫ್ಯಾನನ್ನು ಹೊಗೆಯನ್ನು ಎಳೆದುಕೊಂಡು ಕಿಟಕಿಯತ್ತ ದೂಡುವಂತೆ ತುಸು ದೂರದಲ್ಲಿ ಇಡಬೇಕು. ಈಗಾಗಲೇ ಉಬ್ಬಸ ಇರುವವರು ಈ ಕೆಲಸ ಮಾಡದಿರುವುದೇ ಮೇಲು.

ಸಂಶಯ: ಬೆಲೆ ಹೆಚ್ಚಲ್ಲವೇ?

ಸಮಾಧಾನ: ಸುರುಳಿಯ ಬೆಲೆ ಹೆಚ್ಚು ನಿಜ. ಆದರೆ ಒಂದು ಬೆಸುಗೆಗೆ ಹಿಡಿಯುವುದು ಒಂದೆರಡು ಸೆಂಟಿಮೀಟರ್ ತಂತಿ. ಮನೆಗೆಲಸದ ಪ್ರಮಾಣದಲ್ಲಿ ಒಂದು ಸಣ್ಣ ಸುರುಳಿ ವರ್ಷಗಟ್ಟಲೆ ಬರುತ್ತದೆ.

ಸಂಶಯ: ಮನೆಯಲ್ಲಿ ಹಳೆಯ ತಂತಿಯ ಸುರುಳಿ ಉಳಿದಿದೆ. ಏನು ಮಾಡಬೇಕು?

ಸಮಾಧಾನ: ತಿಪ್ಪೆಗಾಗಲಿ ಬಾವಿಯ ಕಡೆಗಾಗಲಿ ಎಸೆಯಬಾರದು, ಹೂಳಬಾರದು. ಮಕ್ಕಳಿಗೆ ಎಟುಕದಂತೆ ಡಬ್ಬಿಯಲ್ಲಿಟ್ಟು ಹೆಸರು ಬರೆದಿಡಿ. ಇ-ತ್ಯಾಜ್ಯದೊಂದಿಗೆ ಕೊಟ್ಟುಬಿಡಿ.

ಸಂಶಯ: ಹಲವು ವರ್ಷಗಳಿಂದ ಮನೆಯಲ್ಲೇ ಈ ಕೆಲಸ ನಡೆದಿದೆ. ಮಕ್ಕಳಿಗೆ ತೊಂದರೆಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಸಮಾಧಾನ: ಹೊರಗಿನ ಲಕ್ಷಣಗಳಿಂದ ತಿಳಿಯುವುದು ಕಷ್ಟ. ರಕ್ತಪರೀಕ್ಷೆಯೊಂದೇ ದಾರಿ. ವೈದ್ಯರಿಗೆ ಕೆಲಸದ ವಿಷಯ ತಿಳಿಸಿ ಪರೀಕ್ಷೆ ಮಾಡಿಸಬೇಕು. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಕಂಡರೆ ಅದರ ಮೂಲವನ್ನು ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ನೀಡಿದೆ. ರಾಗಿ, ಹಾಲು, ಸೊಪ್ಪು, ಕಾಳುಗಳಿರುವ ಊಟ ಸೀಸ ಹೀರುವುದನ್ನು ತಗ್ಗಿಸಲು ಸಹಾಯಕ. ಆದರೆ ಅದು ಚಿಕಿತ್ಸೆಗೆ ಬದಲಲ್ಲ.

ನೆನಪಿನಲ್ಲಿಡಬೇಕಾದ ಅಂಶಗಳು

* ಚೀಟಿಯಲ್ಲಿ 'ಪಿಬಿ' ಇಲ್ಲದ, ರಾಳ ತುಂಬಿದ ತಂತಿಯನ್ನೇ ಕೊಳ್ಳಿ.
* 60 ವಾಟಿನ ಐರನ್ ಬಳಸಿ. ವೋಲ್ಟೇಜು ನೋಡಿ ಕೆಲಸಕ್ಕೆ ಕುಳಿತುಕೊಳ್ಳಿ.
* ಬೆಸುಗೆ ತಂತಿಯನ್ನು ಮೊನೆಗಲ್ಲ, ಕಾದ ತಾಮ್ರಕ್ಕೆ ತಾಗಿಸಿ.
* ಹೊಳಪನ್ನು ನೋಡಬೇಡಿ, ಅಂಚನ್ನು ನೋಡಿ.
* ತಂತಿಯನ್ನು ಬಾಯಲ್ಲಿ ಕಚ್ಚಬೇಡಿ; ಕೈ ತೊಳೆಯದೆ ಏನನ್ನೂ ತಿನ್ನಬೇಡಿ.
* ಬೆಸುಗೆಯ ಕಸ ತಿಪ್ಪೆಗೆ ಹೋಗದಿರಲಿ.

ತಂತಿಯನ್ನು ಬದಲಾಯಿಸುವುದರ ಜೊತೆಗೆ ಕೆಲಸದ ಕ್ರಮವನ್ನೂ ಬದಲಾಯಿಸಿಕೊಂಡರೆ ಯಂತ್ರವೂ ಬಾಳುತ್ತದೆ, ಮನೆಯ ಮಕ್ಕಳೂ ಕೊಟ್ಟಿಗೆಯ ಕರುಗಳೂ ಕ್ಷೇಮವಾಗಿರುತ್ತವೆ. ರೈತ ಬಾಂಧವರು, ವಿಶೇಷವಾಗಿ ಊರಿನವರ ಉಪಕರಣಗಳನ್ನು ರಿಪೇರಿ ಮಾಡಿಕೊಡುವ ತರುಣರು, ಈ ಸಲಹೆಗಳನ್ನು ಅನುಸರಿಸಿ ಇತರರಿಗೂ ತಿಳಿಸಬೇಕು.